ಕಸಿದುಕೊಂಡವರು ಯಾರು, ಹೇಗೆ? ಇಂಗ್ಲಿಷ್‌ನಲ್ಲಿ ಸರಿಯಾದ ಪದ ಆರಿಸುವ ಬಗೆ

ಒಮ್ಮೆ ಒಂದು ಮಕ್ಕಳ ಕತೆಯನ್ನು ಇಂಗ್ಲಿಷ್‌ಗೆ ಅನುವಾದ ಮಾಡುತ್ತಿದ್ದೆ. ಅದರಲ್ಲಿ ಒಂದು ಸಾಲು: ಅಣ್ಣ ತಮ್ಮನ ಕೈಯಿಂದ ಗಾಳಿಪಟ ಕಸಿದುಕೊಂಡ. ಡಿಕ್ಷನರಿ ತೆಗೆದೆ. ಕಸಿದುಕೊಳ್ಳು ಅನ್ನುವುದರ ಮುಂದೆ ಒಂದು ಸಾಲು ಪದಗಳು. ಅದರಲ್ಲಿ ತೂಕವಾಗಿ ಕಂಡಿದ್ದು ಕಾನ್‌ಫಿಸ್ಕೇಟ್. ಅದನ್ನೇ ಬರೆದೆ. ಓದಿದ ಗೆಳತಿ ನಕ್ಕಳು. "ಅಣ್ಣ ಏನು ಕಸ್ಟಮ್ಸ್ ಆಫೀಸರಾ? ರಶೀದಿ ಕೊಟ್ಟನಾ?" ಅಂದಳು.

ಕನ್ನಡದಲ್ಲೂ ಈ ಕೆಲಸಕ್ಕೆ ಪದಗಳಿಗೆ ಬರ ಇಲ್ಲ. ಕಿತ್ತುಕೊಳ್ಳು, ದೋಚು, ಎಗರಿಸು, ಕಬಳಿಸು, ಲಪಟಾಯಿಸು, ಸೂರೆ ಮಾಡು, ಜಪ್ತಿ ಮಾಡು. ಆದರೆ ಕಸಿದುಕೊಳ್ಳು ಅನ್ನುವುದೊಂದನ್ನು ನಾವು ಎಲ್ಲರಿಗೂ ಹಚ್ಚುತ್ತೇವೆ. ಅಣ್ಣನೂ ಕಸಿದುಕೊಳ್ಳುತ್ತಾನೆ, ಕಳ್ಳನೂ ಕಸಿದುಕೊಳ್ಳುತ್ತಾನೆ, ಸರ್ಕಾರವೂ ಕಸಿದುಕೊಳ್ಳುತ್ತದೆ, ಕೊನೆಗೆ ವಿಧಿಯೂ ಕಸಿದುಕೊಳ್ಳುತ್ತದೆ. ಉಳಿದದ್ದು ಸಂದರ್ಭಕ್ಕೆ ಬಿಟ್ಟಿದ್ದು. ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಲ್ಲಿ ಕ್ರಿಯಾಪದವೇ ಚಾಡಿ ಹೇಳುತ್ತದೆ. ತೆಗೆದುಕೊಂಡವನಿಗೆ ಅಧಿಕಾರ ಇತ್ತಾ, ಒಡೆಯ ಎದುರಿಗಿದ್ದನಾ, ಕೈ ಎಷ್ಟು ಜೋರಾಗಿ ಎಳೆಯಿತು, ಎಲ್ಲವೂ ಒಂದೇ ಪದದಲ್ಲಿ ಹೊರಗೆ ಬೀಳುತ್ತದೆ. ಹಾಗಾಗಿ ಡಿಕ್ಷನರಿಗೆ ಕೈ ಹಾಕುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ನಾನು ಕೇಳಿಕೊಳ್ಳುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಪ್ರಶ್ನೆ: ಅಧಿಕಾರ ಇತ್ತಾ?

ಇದೊಂದನ್ನು ಸರಿಯಾಗಿ ಕೇಳಿಕೊಂಡರೆ ಅರ್ಧ ತಪ್ಪುಗಳು ತಾವಾಗಿಯೇ ಹೋಗುತ್ತವೆ.

ಕಾನ್‌ಫಿಸ್ಕೇಟ್ ಮಾಡಲು ಅಧಿಕಾರ ಬೇಕೇ ಬೇಕು. ಈ ಪದದ ಹೊಟ್ಟೆಯಲ್ಲಿರುವುದು ಫಿಸ್ಕಸ್ ಎಂಬ ಲ್ಯಾಟಿನ್ ಪದ. ಮೊದಲು ಅದಕ್ಕೆ ಬುಟ್ಟಿ ಎಂಬ ಅರ್ಥವಿತ್ತು, ಆಮೇಲೆ ಅದೇ ರಾಜ್ಯದ ಖಜಾನೆಯ ಹೆಸರಾಯಿತು. ಬಜೆಟ್ ಸುದ್ದಿಯಲ್ಲಿ ಕೇಳುವ ಫಿಸ್ಕಲ್ ಕೂಡ ಇದರದ್ದೇ ಕುಡಿ. ಅಂದರೆ ಕಾನ್‌ಫಿಸ್ಕೇಟ್ ಎಂದರೆ ಬೊಕ್ಕಸಕ್ಕೆ ಸೇರಿಸುವುದು, ನಮ್ಮ ಮುಟ್ಟುಗೋಲು. ತರಗತಿಯಲ್ಲಿ ಮೇಷ್ಟ್ರು ಹುಡುಗನ ಫೋನ್ ತೆಗೆದಿಟ್ಟುಕೊಂಡರೂ ಇದೇ ಪದ, ಯಾಕೆಂದರೆ ಅಲ್ಲಿ ಅವರಿಗೆ ಅಧಿಕಾರ ಇದೆ. ಅಣ್ಣನಿಗೆ ಇಲ್ಲ.

ಸೀಜ್ ಸ್ವಲ್ಪ ಬೇರೆ. ನಮ್ಮ ಮಾತಿನಲ್ಲಿ ಅದು 'ಗಾಡಿ ಸೀಜ್ ಮಾಡಿದರು' ಎಂಬಲ್ಲಿಗೆ ಬಂದು ನಿಂತುಬಿಟ್ಟಿದೆ. ಇಂಗ್ಲಿಷ್‌ನಲ್ಲಿ ಅದು ಕಾನೂನಿನ ಎರಡೂ ಕಡೆ ಓಡಾಡುತ್ತದೆ. ಪೊಲೀಸರೂ ಸೀಜ್ ಮಾಡುತ್ತಾರೆ, ಬಂಡುಕೋರರೂ ರೇಡಿಯೋ ಸ್ಟೇಷನ್ ಸೀಜ್ ಮಾಡುತ್ತಾರೆ. ಅದು ಹೇಳುವುದು ಗಬಕ್ಕನೆ ವಶಕ್ಕೆ ತೆಗೆದುಕೊಂಡ ಆ ಗಳಿಗೆಯನ್ನು. ಕಸ್ಟಮ್ಸ್‌ನವರು ಮಾಲನ್ನು ಮೊದಲು ಸೀಜ್ ಮಾಡುತ್ತಾರೆ, ವಿಚಾರಣೆ ಮುಗಿದ ಮೇಲೆ ಕಾನ್‌ಫಿಸ್ಕೇಟ್ ಮಾಡುತ್ತಾರೆ. ಸೀಜ್ ಆದದ್ದು ವಾಪಸ್ ಬರಬಹುದು. ಕಾನ್‌ಫಿಸ್ಕೇಟ್ ಆದದ್ದರ ಆಸೆ ಬಿಡುವುದು ಒಳ್ಳೆಯದು. ಮೇಷ್ಟ್ರ ಹತ್ತಿರ ಇರುವ ಫೋನ್ ಇದಕ್ಕೆ ಅಪವಾದ, ಅದು ಸಂಜೆಗೆ ಬರುತ್ತದೆ.

ವಾಹನವನ್ನು ಹೊತ್ತೊಯ್ದು ಒಂದು ಜಾಗದಲ್ಲಿ ಕೂಡಿಹಾಕಿ, ದಂಡ ಕಟ್ಟಿದ ಮೇಲೆ ಬಿಟ್ಟರೆ ಅದು ಇಂಪೌಂಡ್. ಇಲ್ಲಿ ಪೌಂಡ್ ಎಂದರೆ ದೊಡ್ಡಿ. ಅಡ್ಡಾಡುವ ದನವನ್ನು ದೊಡ್ಡಿಗೆ ಹಾಕುತ್ತಾರಲ್ಲ, ಅದೇ. ಬ್ರಿಟನ್ನಿನ ನಾಣ್ಯದ ಪೌಂಡಿಗೂ ಇದಕ್ಕೂ ಸಂಬಂಧವಿಲ್ಲ. ಕಂತು ಕಟ್ಟಲಿಲ್ಲವೆಂದು ಸಾಲ ಕೊಟ್ಟವರು ಕಾರು ತೆಗೆದುಕೊಂಡು ಹೋದರೆ ರಿಪೊಸೆಸ್. ಮನೆ ಸಾಲದ ವಿಷಯದಲ್ಲಿ ಫೋರ್‌ಕ್ಲೋಸ್.

ಯುದ್ಧ, ವಿಪತ್ತು ಬಂದಾಗ ಸೇನೆ ಖಾಸಗಿಯವರ ಲಾರಿ, ಕಟ್ಟಡ ತೆಗೆದುಕೊಳ್ಳುತ್ತದೆ. ಕಾಗದಪತ್ರದ ಮೂಲಕ ನಡೆದರೆ ರಿಕ್ವಿಸಿಷನ್. ನಿಂತ ನಿಲುವಿನಲ್ಲೇ 'ಇಳಿಯಿರಿ, ಗಾಡಿ ನಮಗೆ ಬೇಕು' ಅಂದರೆ ಕಮಾಂಡಿಯರ್. ಈ ಎರಡನೆಯದು ಇಂಗ್ಲಿಷ್‌ಗೆ ಬಂದದ್ದು 19ನೇ ಶತಮಾನದಲ್ಲಿ, ದಕ್ಷಿಣ ಆಫ್ರಿಕಾದ ಬೋಯರ್ ಜನರ ಮಾತಿನಿಂದ. ಈಗ ಅದನ್ನು ತಮಾಷೆಗೂ ಬಳಸುತ್ತಾರೆ. ಮನೆಗೆ ಬಂದ ನೆಂಟರು ಕೂತ ತಕ್ಷಣ ಟಿವಿ ರಿಮೋಟ್ ಕೈಗೆತ್ತಿಕೊಂಡು ಬಿಡಲಿಲ್ಲವೆಂದರೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಕಂಡಿಲ್ಲ.

ದೊಡ್ಡ ಮಟ್ಟದಲ್ಲಿ, ಸರ್ಕಾರ ಖಾಸಗಿ ಆಸ್ತಿಯನ್ನು ತನ್ನದಾಗಿಸಿಕೊಂಡರೆ ಎಕ್ಸ್‌ಪ್ರೊಪ್ರಿಯೇಟ್. 1938ರಲ್ಲಿ ಮೆಕ್ಸಿಕೋ ಸರ್ಕಾರ ವಿದೇಶಿ ತೈಲ ಕಂಪನಿಗಳ ಆಸ್ತಿಗೆ ಮಾಡಿದ್ದನ್ನು ಇತಿಹಾಸದ ಪುಸ್ತಕಗಳು ಈ ಪದದಿಂದಲೇ ಹೇಳುತ್ತವೆ. 1956ರಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯ ಕಂಪನಿಗೆ ಮಾಡಿದ್ದಕ್ಕೆ ನ್ಯಾಷನಲೈಸ್ ಎಂಬ ಪದ ಅಂಟಿಕೊಂಡಿದೆ. ಇಲ್ಲಿ ಜಾಗ್ರತೆ ಬೇಕು. ಕೆಲಸವನ್ನು ಒಪ್ಪುವವರು ನ್ಯಾಷನಲೈಸ್ ಅನ್ನುತ್ತಾರೆ, ಒಪ್ಪದವರು ಅದನ್ನೇ ಸೀಜ್ ಅನ್ನುತ್ತಾರೆ, ಸಿಟ್ಟು ಬಂದವರು ಗ್ರ್ಯಾಬ್ ಅನ್ನುತ್ತಾರೆ. ನೀವು ಬರೆಯುವ ಪದ ನಿಮ್ಮ ಪಕ್ಷವನ್ನೂ ಹೇಳಿಬಿಡುತ್ತದೆ.

ರಸ್ತೆಗೆ, ರೈಲಿಗೆ ಜಮೀನು ತೆಗೆದುಕೊಳ್ಳುವ ಅಧಿಕಾರವನ್ನು ಅಮೆರಿಕದಲ್ಲಿ ಎಮಿನೆಂಟ್ ಡೊಮೇನ್ ಅನ್ನುತ್ತಾರೆ, ಬ್ರಿಟನ್ನಿನಲ್ಲಿ ಕಂಪಲ್ಸರಿ ಪರ್ಚೇಸ್. ಮೊದಲನೆಯದರಲ್ಲಿ ಬಲಾತ್ಕಾರದ ವಾಸನೆಯೇ ಇಲ್ಲ, ಎರಡನೆಯದರಲ್ಲಿ ಕಡ್ಡಾಯ ಇದ್ದರೂ ಪರ್ಚೇಸ್ ಅದನ್ನು ಮೆತ್ತಗೆ ಮಾಡುತ್ತದೆ ನೋಡಿ. ಆದರೆ ಪರ್ಚೇಸ್ ಅಷ್ಟೇನೂ ಸಾಧು ಪದವಲ್ಲ. ಅದರ ಹಳೆಯ ಫ್ರೆಂಚ್ ಮೂಲಕ್ಕೆ ಬೆನ್ನಟ್ಟು ಎಂಬ ಅರ್ಥ. ನಮ್ಮಲ್ಲೂ ಇಂಥದ್ದೇ ಕತೆ ಇದೆ. ಕೊಳ್ಳು ಮತ್ತು ಕೊಳ್ಳೆ ಒಂದೇ ಬೇರಿನವು. ದುಡ್ಡು ಕೊಟ್ಟು ತೆಗೆದುಕೊಂಡರೆ ಕೊಂಡೆ, ಕೊಡದೆ ತೆಗೆದುಕೊಂಡರೆ ಕೊಳ್ಳೆ ಹೊಡೆದೆ!

ಈ ಗುಂಪಿನಲ್ಲಿ ಒಂದು ಉಲ್ಟಾ ಪದವಿದೆ: ಫಾರ್ಫಿಟ್. ಇದರ ಕರ್ತೃ ಕಸಿದುಕೊಂಡವನಲ್ಲ, ಕಳೆದುಕೊಂಡವನು. ಕರಾರು ಮುರಿದ ಬಾಡಿಗೆದಾರ ತನ್ನ ಡಿಪಾಸಿಟ್ ಫಾರ್ಫಿಟ್ ಮಾಡುತ್ತಾನೆ. ಮನೆ ಮಾಲೀಕ ಫಾರ್ಫಿಟ್ ಮಾಡಿದ ಎಂದು ಬರೆದರೆ ಹಣ ಹೋಗಿದ್ದು ಮಾಲೀಕನದ್ದು ಎಂದಾಗುತ್ತದೆ.

ಎರಡನೇ ಪ್ರಶ್ನೆ: ಅಧಿಕಾರ ಇಲ್ಲದಿದ್ದರೆ, ಒಡೆಯ ಎಲ್ಲಿದ್ದ?

ಒಡೆಯನಿಗೆ ಗೊತ್ತಾಗದ ಹಾಗೆ ತೆಗೆದರೆ ಸ್ಟೀಲ್. ಗುಟ್ಟಾಗಿ ಎಂಬ ಅರ್ಥದ ಸ್ಟೆಲ್ತ್ ಇದರ ಒಡಹುಟ್ಟಿದ್ದು. ಹಾಗಾಗಿ ಸ್ಟೀಲ್‌ನಲ್ಲಿ ಬಲಪ್ರಯೋಗ ಇರಲೇಬೇಕೆಂದಿಲ್ಲ. ಎದುರಿಗೆ ನಿಂತು, ಹೆದರಿಸಿ ಅಥವಾ ಹೊಡೆದು ತೆಗೆದರೆ ರಾಬ್. ಅದೇ ಕೆಲಸ ಬೀದಿಯಲ್ಲಿ, ದಾರಿಹೋಕನ ಮೇಲೆ ನಡೆದರೆ ಮಗ್. ಕಾಫಿ ಕುಡಿಯುವ ಮಗ್‌ನ ಸ್ಪೆಲಿಂಗೇ ಇದಕ್ಕೂ, ಕಕ್ಕಾಬಿಕ್ಕಿಯಾಗಬೇಡಿ. ಕದಿಯಲೆಂದು ಮನೆಗೆ ನುಗ್ಗಿದರೆ ಬರ್ಗಲ್. ತಮಾಷೆಯೆಂದರೆ ಬರ್ಗ್ಲರ್ ಎಂಬ ಪದ ನೂರಾರು ವರ್ಷ ಹಳೆಯದು. ಅದರಿಂದ ಬರ್ಗಲ್ ಎಂಬ ಕ್ರಿಯಾಪದವನ್ನು ಜನ ಕಡೆದು ತೆಗೆದದ್ದು 19ನೇ ಶತಮಾನದಲ್ಲಿ. ಅಮೆರಿಕದವರಿಗೆ ಅದೂ ಸಾಲದೆ ಬರ್ಗ್ಲರೈಸ್ ಮಾಡಿಕೊಂಡರು.

ಹೆದರಿಸಿ ಕೊಡುವ ಹಾಗೆ ಮಾಡಿದರೆ ಎಕ್ಸ್‌ಟಾರ್ಟ್. ಇದರೊಳಗೆ ಇರುವುದು ತಿರುಚು ಎಂಬ ಅರ್ಥದ ಲ್ಯಾಟಿನ್ ಪದ. ಟಾರ್ಚರ್ ಕೂಡ ಅಲ್ಲಿಂದಲೇ ಬಂದಿದೆ. ಕನ್ನಡದಲ್ಲಿ 'ದುಡ್ಡು ಹಿಂಡಿದ' ಅನ್ನುತ್ತೇವಲ್ಲ, ಅದೇ ಕೈ, ಅದೇ ತಿರುಚು. ನಂಬಿ ಕೊಟ್ಟ ಹಣವನ್ನು ನುಂಗಿದರೆ ಎಂಬೆಝಲ್. ಅಲ್ಲಿ ಬಲ ಇಲ್ಲ, ಬರೀ ದ್ರೋಹ. ಹಾಗಾಗಿ ಈ ಲೇಖನಕ್ಕೆ ಅದು ಹೊರಗಿನದು. ಬೆರೆಸಿ ಬರೆಯುವವರು ಜಾಸ್ತಿ ಎಂದು ಹೇಳಿದೆ ಅಷ್ಟೇ.

ರಾಬ್‌ನ ನೆಂಟರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಿಲುವಂಗಿ ಎಂಬ ಅರ್ಥದ ರೋಬ್ ಇದರ ಸಂಬಂಧಿ. ಸೋತವರ ಮೈಮೇಲಿಂದ ಬಿಚ್ಚಿಕೊಂಡ ಬಟ್ಟೆಯೇ ಮೊದಲು ರೋಬ್ ಅನ್ನಿಸಿಕೊಂಡದ್ದು. ಹತ್ತಿರದವರನ್ನು ಕಳೆದುಕೊಂಡವರಿಗೆ ಹೇಳುವ ಬಿರೀವ್ಡ್ ಕೂಡ ಇದೇ ವಂಶದ್ದು. ಅಂದರೆ ಸಾವು ದೋಚಿಕೊಂಡು ಹೋದ ಮನೆಯವರು. ವಿಧಿ ಕಸಿದುಕೊಂಡಿತು ಎಂದು ನಾವು ಅನ್ನುವುದೂ ಇದನ್ನೇ ಅಲ್ವಾ?

ಮೂರನೆಯದು: ಪದದ ಬಾಲ ನೋಡಿ

ಕನ್ನಡಿಗರು ಅತಿ ಹೆಚ್ಚು ಎಡವುವುದು ಇಲ್ಲೇ. 'ಅವನು ನನ್ನ ಪರ್ಸ್ ದೋಚಿದ' ಎಂದು ಯೋಚಿಸಿ, 'ಹಿ ರಾಬ್ಡ್ ಮೈ ಪರ್ಸ್' ಎಂದು ಬರೆಯುತ್ತೇವೆ. ಯಾಕೆಂದರೆ ನಮ್ಮ ದೋಚು ಎರಡೂ ಕಡೆ ವಾಲುತ್ತದೆ. ಪ್ರಯಾಣಿಕರನ್ನೂ ದೋಚಬಹುದು, ಒಡವೆಯನ್ನೂ ದೋಚಬಹುದು. ಈಗಿನ ಇಂಗ್ಲಿಷ್‌ನಲ್ಲಿ ರಾಬ್ ಆಗುವುದು ವ್ಯಕ್ತಿ ಅಥವಾ ಜಾಗ. ವಸ್ತುವಿನ ಹೆಸರು ಹೇಳಲೇಬೇಕಿದ್ದರೆ ಅದರ ಹಿಂದೆ ಒಂದೇ ಎಫ್ ಇರುವ ಆಫ್ ಬರಬೇಕು: 'ಹಿ ರಾಬ್ಡ್ ಮಿ ಆಫ್ ಮೈ ಪರ್ಸ್'. ಸ್ಟೀಲ್ ಇದಕ್ಕೆ ಉಲ್ಟಾ. ಸ್ಟೀಲ್ ಆಗುವುದು ವಸ್ತು, ವ್ಯಕ್ತಿಯ ಹಿಂದೆ ಫ್ರಮ್. ಬ್ಯಾಂಕನ್ನು ರಾಬ್ ಮಾಡಬಹುದು. ಬ್ಯಾಂಕನ್ನು ಸ್ಟೀಲ್ ಮಾಡಿದರೆ ಕಟ್ಟಡವನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋದ ಹಾಗೆ.

ನೆನಪಿಗೆ ಒಂದು ಉಪಾಯ. ನಮ್ಮ 'ಅವನಿಂದ ಅದನ್ನು' ಎಂಬ ಕ್ರಮ ಫ್ರಮ್ ಬರುವ ಪದಗಳಿಗೆ ಸರಿಯಾಗಿ ಹೊಂದುತ್ತದೆ. ಸ್ಟೀಲ್, ಸ್ನ್ಯಾಚ್, ಸೀಜ್, ರೆಸ್ಟ್ (ವಿಶ್ರಾಂತಿಯದ್ದಲ್ಲ, ತಿರುಚಿ ಬಿಡಿಸಿಕೊಳ್ಳುವುದು), ಎಕ್ಸ್‌ಟಾರ್ಟ್, ಕಾನ್‌ಫಿಸ್ಕೇಟ್ ಎಲ್ಲ ಇದೇ ದಾರಿಯವು. ಆಫ್ ಬೇಡುವ ಪದಗಳು ಕೆಲವೇ. ರಾಬ್, ಡಿಪ್ರೈವ್, ಸ್ಟ್ರಿಪ್, ಡಿಸ್‌ಪೊಸೆಸ್. ಇವುಗಳಲ್ಲಿ ವ್ಯಕ್ತಿಗೆ 'ಅನ್ನು' ಹಚ್ಚಿ ಯೋಚಿಸಿ: ಅವನನ್ನು ಬರಿದು ಮಾಡಿದರು, ಯಾವುದರಿಂದ? ಪದವಿಯಿಂದ, ಹಕ್ಕಿನಿಂದ, ಹಣದಿಂದ. ಆ 'ಯಾವುದರಿಂದ' ಇರುವ ಕಡೆ ಆಫ್ ಇಡಿ.

ಅಟ್ ಎಂಬ ಪುಟ್ಟ ಬಾಲಕ್ಕೂ ದೊಡ್ಡ ಕೆಲಸವಿದೆ. ಸ್ನ್ಯಾಚ್ ಅಂದರೆ ಕಿತ್ತುಕೊಂಡಾಯಿತು. ಸ್ನ್ಯಾಚ್ ಅಟ್ ಅಂದರೆ ಕೈ ಹಾಕಿದ, ಸಿಕ್ಕಿತೋ ಇಲ್ಲವೋ ದೇವರೇ ಬಲ್ಲ. ಗ್ರ್ಯಾಬ್ ಅಟ್, ಕ್ಲಚ್ ಅಟ್ ಎಲ್ಲದಕ್ಕೂ ಇದೇ ಲೆಕ್ಕ. ಮುಳುಗುವವನು ಹುಲ್ಲುಕಡ್ಡಿಗೆ ಕೈ ಚಾಚಿದಾಗ ಇಂಗ್ಲಿಷ್‌ನವರು ಕ್ಲಚ್ ಅಟ್ ಅನ್ನುವುದು ಅದಕ್ಕೇ.

ಇನ್ನೊಂದು: ಕೊರಳಪಟ್ಟಿ ಹಿಡಿದ ಎಂದು ಹೇಳುವಾಗ ಇಂಗ್ಲಿಷ್ ಮೊದಲು ಇಡೀ ಮನುಷ್ಯನನ್ನು ಹಿಡಿಯುತ್ತದೆ, ಆಮೇಲೆ ಎಲ್ಲಿ ಎಂದು ತೋರಿಸುತ್ತದೆ. 'ಸೀಜ್ಡ್ ಹಿಮ್ ಬೈ ದಿ ಕಾಲರ್'. ಬೈ ಆದ ಮೇಲೆ ದಿ ಬರುತ್ತದೆ, ಹಿಸ್ ಅಲ್ಲ.

ನಾಲ್ಕನೆಯದು: ಕೈ ಏನು ಮಾಡಿತು?

ಕತೆ ಬರೆಯುವವರಿಗೆ, ಅನುವಾದ ಮಾಡುವವರಿಗೆ ಇದು ಮುಖ್ಯ. ಗ್ರ್ಯಾಬ್ ಎಂದರೆ ಒರಟಾಗಿ, ಬೇಗ ಹಿಡಿಯುವುದು. ಹಿಡಿದದ್ದು ಇನ್ನೊಬ್ಬರ ಕೈಯಲ್ಲೇ ಇರಬೇಕೆಂದಿಲ್ಲ. ಬೀಳುವಾಗ ಕಂಬವನ್ನೂ ಗ್ರ್ಯಾಬ್ ಮಾಡುತ್ತೇವೆ. ಸ್ನ್ಯಾಚ್‌ನಲ್ಲಿ ಒಂದು ಜರ್ಕ್ ಇದೆ. ಸರ್ರನೆ ಬಂತು, ಕೈ ಖಾಲಿ. ಸರಗಳ್ಳರು ಮಾಡುವುದು ಇದನ್ನೇ. ನನ್ನ ಕತೆಯ ಅಣ್ಣನಿಗೂ ಕೊನೆಗೆ ಸ್ನ್ಯಾಚ್ ಎಂದೇ ಬರೆದೆ.

ಎದುರಿನವನು ಬಿಡದೆ ಹಿಡಿದುಕೊಂಡಿದ್ದಾನೆ, ಎಳೆದಾಡಿ, ತಿರುಚಿ ಬಿಡಿಸಿಕೊಳ್ಳಬೇಕು ಅಂದಾಗ ರೆಸ್ಟ್ ಅಥವಾ ರೆಂಚ್. ಎರಡೂ ಡಬ್ಲ್ಯೂ, ಆರ್ ಅಕ್ಷರಗಳಿಂದ ಶುರುವಾಗುತ್ತವೆ, ಡಬ್ಲ್ಯೂ ಬಾಯಿಗೆ ಬರುವುದಿಲ್ಲ. ಹೀಗೆ ಶುರುವಾಗುವ ಇಂಗ್ಲಿಷ್ ಪದಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಬಟ್ಟೆ ಹಿಂಡುವ ರಿಂಗ್, ಕುಸ್ತಿಯ ರೆಸಲ್, ಮಣಿಕಟ್ಟಿನ ರಿಸ್ಟ್, ಹೂವಿನ ಸುತ್ತು ಹಾರವಾದ ರೀತ್, ನಟ್ಟು ತಿರುಗಿಸುವ ರೆಂಚ್. ಎಲ್ಲದರಲ್ಲೂ ಒಂದು ತಿರುವು, ಒಂದು ಸುತ್ತು. ಹಾಗಾಗಿ ಗುದ್ದಾಟ ಇದ್ದರೆ ಈ ಮನೆಯ ಪದ ಆರಿಸಿ. ರೆಂಚ್‌ನಲ್ಲಿ ಒಂದೇ ಸಲ ಜೋರು ತಿರುಚು. ರೆಸ್ಟ್‌ನಲ್ಲಿ ಹೊತ್ತು ಹಿಡಿಯುವ ಹೋರಾಟ. ಅದಕ್ಕೇ ಅಧಿಕಾರ, ನಿಯಂತ್ರಣ, ಗೆಲುವಿನಂಥ ಕೈಗೆ ಸಿಗದ ಸಂಗತಿಗಳಿಗೆ ರೆಸ್ಟ್ ಚೆನ್ನಾಗಿ ಕೂರುತ್ತದೆ. ವಿಶ್ರಾಂತಿಯ ರೆಸ್ಟ್ ಕಿವಿಗೆ ಒಂದೇ ಥರ ಕೇಳಿಸಿದರೂ ಅದರಲ್ಲಿ ಡಬ್ಲ್ಯೂ ಇಲ್ಲ.

ಐದನೆಯದು: ಏನನ್ನು?

ಮನುಷ್ಯರನ್ನು ಎತ್ತಿಕೊಂಡು ಹೋದರೆ ಅಬ್ಡಕ್ಟ್ ಅಥವಾ ಕಿಡ್ನ್ಯಾಪ್. ಹಣದ ಬೇಡಿಕೆ ಇದ್ದರೆ ಕಿಡ್ನ್ಯಾಪ್ ಎಂಬುದೇ ಸಹಜ. ಕಿಡ್ ಎಂದರೆ ಮಗು, ನ್ಯಾಪ್ ಎಂದರೆ ಹಳೆಯ ಬೀದಿ ಮಾತಿನಲ್ಲಿ ಹಿಡಿ, ಕದಿ. 17ನೇ ಶತಮಾನದಲ್ಲಿ ಮಕ್ಕಳನ್ನೂ ಇತರರನ್ನೂ ಹಿಡಿದು ಅಮೆರಿಕದ ತೋಟಗಳಿಗೆ ಆಳುಗಳಾಗಿ ಸಾಗಿಸುತ್ತಿದ್ದ ಕಾಲದ ಪದ ಅದು. ಹಡಗಿನ ಕೆಲಸಕ್ಕೆ ಜನ ಸಾಲದಾದಾಗ ಕುಡಿಸಿ, ಮತ್ತು ಬರಿಸಿ, ಹಡಗಿಗೆ ಹಾಕಿ ಸಾಗಿಸುವುದಕ್ಕೆ 19ನೇ ಶತಮಾನದ ಅಮೆರಿಕದಲ್ಲಿ ಶಾಂಘೈ ಎಂದೇ ಹೆಸರು ಬಿತ್ತು. ಊರಿನ ಹೆಸರೇ ಕ್ರಿಯಾಪದ! ಈಗ ಇಷ್ಟವಿಲ್ಲದ ಕೆಲಸಕ್ಕೆ ಯಾರನ್ನಾದರೂ ಸಿಕ್ಕಿಸಿದರೂ ಹಾಗೆ ಅನ್ನುತ್ತಾರೆ.

ಹೈಜಾಕ್ ಆಗುವುದು ವಿಮಾನ, ಬಸ್ಸು, ಹಡಗು. ಪ್ರಯಾಣಿಕರು ಹೈಜಾಕ್ ಆಗುವುದಿಲ್ಲ, ಅವರು ಒತ್ತೆಯಾಳುಗಳಾಗುತ್ತಾರೆ, ಅದಕ್ಕೆ ಟೇಕ್ ಹಾಸ್ಟೇಜ್. ಈ ಪದ ಹುಟ್ಟಿದಾಗ ವಿಮಾನದ ಮಾತೇ ಇರಲಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಕಳ್ಳ ಮದ್ಯ ಸಾಗಿಸುವ ಲಾರಿಗಳನ್ನು ಇನ್ನೊಂದು ಕಳ್ಳರ ಗುಂಪು ದಾರಿಯಲ್ಲಿ ಅಡ್ಡಗಟ್ಟಿ ದೋಚುತ್ತಿತ್ತು. ಹೈಜಾಕ್ ಜನರ ಬಾಯಿಗೆ ಬಂದದ್ದು ಆಗ. ಮುಂದೆ ಅದರ ಬಾಲ ಕತ್ತರಿಸಿ ಕಾರ್‌ಜಾಕ್ ಮಾಡಿದರು. ಮಾತುಕತೆಯನ್ನು ಮಧ್ಯೆ ಬಾಯಿ ಹಾಕಿ ತನ್ನ ಕಡೆ ಎಳೆದುಕೊಂಡರೂ ಹೈಜಾಕ್.

ಊರನ್ನು ಸೇನೆ ಹಿಡಿದರೆ ಕ್ಯಾಪ್ಚರ್. ಹಿಡಿದ ಮೇಲೆ ಸೂರೆ ಮಾಡಿದರೆ ಸ್ಯಾಕ್. ಚೀಲಕ್ಕೆ ತುಂಬಿಕೊಂಡು ಹೋಗುವುದು ಎಂಬ ಅರ್ಥದಿಂದಲೇ ಬಂದದ್ದು. ರೋಮ್ ನಗರಕ್ಕೆ 410ರಲ್ಲಿ ವಿಸಿಗಾತ್ ಎಂಬ ಜರ್ಮಾನಿಕ್ ಜನರಿಂದ, 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನಿಕರಿಂದ ಆದದ್ದು ಇದೇ. ಪ್ಲಂಡರ್ ಇಂಗ್ಲಿಷ್‌ಗೆ ಬಂದದ್ದು ಜರ್ಮನ್ನಿನಿಂದ, 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ. ಲೂಟ್ ಹೋದದ್ದು ಹಿಂದಿಯಿಂದ, ನಮ್ಮ ಲೂಟಿಯ ಅಣ್ಣತಮ್ಮ. ಈಗ ಗಲಭೆಯಲ್ಲಿ ಅಂಗಡಿ ಒಡೆದು ಸಾಮಾನು ಹೊತ್ತೊಯ್ಯುವುದಕ್ಕೆ ಲೂಟ್, ಸೇನೆಗಳ ಹಳೆಯ ಕತೆಗೆ ಪ್ಲಂಡರ್ ಮತ್ತು ಪಿಲೇಜ್. ರ‍್ಯಾನ್‌ಸ್ಯಾಕ್ ಎಂದರೆ ದೋಚುವುದಕ್ಕಿಂತ ಹೆಚ್ಚಾಗಿ ಮನೆಯೆಲ್ಲ ತಡಕಾಡಿ ಚೆಲ್ಲಾಪಿಲ್ಲಿ ಮಾಡುವುದು. ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ ನಾರ್ಸ್‌ನಲ್ಲಿ ಅದರ ಮೂಲದ ಅರ್ಥವೇ ಮನೆ ಹುಡುಕು.

ನೆಲದ ವಿಷಯದಲ್ಲಿ ಪತ್ರಿಕೆಯವರು ಜಾಸ್ತಿ ಎಡವುತ್ತಾರೆ. ಸೇನೆ ಬಂದು ಕೂತಿದ್ದರೆ ಆಕ್ಯುಪೈ. ಅದನ್ನು ತನ್ನ ದೇಶದ ಭಾಗವೆಂದು ಕಾಗದದಲ್ಲಿ ಘೋಷಿಸಿದರೆ ಅನೆಕ್ಸ್. 2014ರಲ್ಲಿ ರಷ್ಯಾ ಕ್ರೈಮಿಯಾಗೆ ಮಾಡಿದ್ದು ಎರಡೂ. ಮೊದಲು ಸೇನೆ, ಆಮೇಲೆ ಕಾಗದ. ಹವಾಯಿಯನ್ನು ಅಮೆರಿಕ 1898ರಲ್ಲಿ ಸೇರಿಸಿಕೊಂಡದ್ದಕ್ಕೂ ಅನೆಕ್ಸ್ ಎಂದೇ ಹೇಳುತ್ತಾರೆ. ಬೇಲಿಯನ್ನು ದಿನಕ್ಕಿಷ್ಟು ಸರಿಸುತ್ತಾ ಪಕ್ಕದ ಜಾಗಕ್ಕೆ ಬಂದರೆ ಎನ್‌ಕ್ರೋಚ್, ಆದರೆ ಅದಾದ ಮೇಲೆ ಆನ್ ಬೇಕು. ಸಿಂಹಾಸನ, ಇನ್ನೊಬ್ಬರ ಅಧಿಕಾರ ಹಕ್ಕಿಲ್ಲದೆ ಕಬಳಿಸಿದರೆ ಯುಸರ್ಪ್. ಪರ್ಸನ್ನು ಯುಸರ್ಪ್ ಮಾಡಲು ಬರುವುದಿಲ್ಲ.

ಯುಸರ್ಪ್‌ನೊಳಗೆ ಇರುವ ರಪೆರೆ ಎಂಬ ಲ್ಯಾಟಿನ್ ಪದಕ್ಕೆ ಎಳೆದೊಯ್ಯು ಎಂಬ ಅರ್ಥ. ಬೇಟೆಯ ಹಕ್ಕಿಗೆ ಹೇಳುವ ರ‍್ಯಾಪ್ಟರ್ ಅಲ್ಲಿಂದಲೇ ಬಂದಿದೆ. ರೇಪ್ ಕೂಡ. ಹಳೆಯ ಬರಹಗಳಲ್ಲಿ ಅದು ಹೊತ್ತೊಯ್ಯುವ ಅರ್ಥದಲ್ಲಿ ಕಾಣಬಹುದು. ಈಗ ಆ ಅರ್ಥದಲ್ಲಿ ಬಳಸಲೇಬೇಡಿ.

ಬಲ ಇಲ್ಲದ ಕಡೆ ಇದೇ ಪದಗಳು

ಗ್ರ್ಯಾಬ್ ಎ ಕಾಫಿ ಅಂದರೆ ಯಾರ ಕೈಯಿಂದಲೂ ಕಿತ್ತುಕೊಳ್ಳಬೇಕಿಲ್ಲ, ಬೇಗ ಒಂದು ಕುಡಿದು ಬರುವುದು. ಸ್ನೇಹಿತರಿಗೆ ಸರಿ, ಅರ್ಜಿಯಲ್ಲಿ ಬೇಡ. ಸ್ನ್ಯಾಚ್ ಸಮ್ ಸ್ಲೀಪ್ ಎಂದರೆ ಸಿಕ್ಕ ಹೊತ್ತಿನಲ್ಲಿ ಒಂದು ಜೊಂಪು. ಎಂಜಿನ್ ಸೀಜ್ ಅಪ್ ಆದರೆ ಬಿಗಿದುಕೊಂಡು ನಿಂತಿತು ಎಂದರ್ಥ. ಸೀಜರ್ ಎಂಬುದು ಜಪ್ತಿಯೂ ಹೌದು, ಮೂರ್ಛೆ ರೋಗದ ಸೆಳೆತವೂ ಹೌದು. ಆಸ್ಪತ್ರೆಯ ವರದಿ ಅನುವಾದ ಮಾಡುವಾಗ ರೋಗಿಯನ್ನು ಜಪ್ತಿ ಮಾಡಬೇಡಿ. ಇನ್ನೂ ವಿಚಿತ್ರವೆಂದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಎಷ್ಟೋ ನಿರ್ಣಯಗಳು 'ರಿಮೇನ್ ಸೀಜ್ಡ್ ಆಫ್ ದಿ ಮ್ಯಾಟರ್' ಎಂಬ ಮಾತಿನಿಂದ ಮುಗಿಯುತ್ತವೆ. ಅಲ್ಲಿ ಯಾರೂ ಏನನ್ನೂ ಕಿತ್ತುಕೊಂಡಿಲ್ಲ. ವಿಷಯ ಇನ್ನೂ ನಮ್ಮ ಕೈಯಲ್ಲೇ ಇದೆ, ನೋಡುತ್ತಿರುತ್ತೇವೆ ಎಂದಷ್ಟೇ.

ಬರೆಯುವಾಗ, ಮಾತಾಡುವಾಗ ಎರಡು ಎಚ್ಚರಿಕೆ. ಸೀಜ್‌ನ ಸ್ಪೆಲಿಂಗಿನಲ್ಲಿ ಇ ಮೊದಲು, ಐ ಆಮೇಲೆ. ಮುತ್ತಿಗೆ ಎಂಬ ಅರ್ಥದ ಸೀಜ್‌ನಲ್ಲಿ ಐ ಮೊದಲು, ಜೊತೆಗೆ ಝಡ್ ಬದಲು ಜಿ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಗೊಂದಲ ಇನ್ನೂ ಜಾಸ್ತಿ. ಸರ್ಕಾರ ಉರುಳಿಸುವ ಕೂ ಎಂಬ ಪದದ ಕೊನೆಯ ಪಿ ಉಚ್ಚಾರಕ್ಕೆ ಬರುವುದಿಲ್ಲ.

ಈಗ ನೀವೇ ಮಾಡಿ ನೋಡಿ. ಉತ್ತರ ಪಕ್ಕದಲ್ಲೇ ಇದೆ, ಕೈಯಿಂದ ಮುಚ್ಚಿಕೊಳ್ಳಿ.

ಮಂಗ ಹುಡುಗಿಯ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಮರ ಹತ್ತಿತು: ಸ್ನ್ಯಾಚ್, ಫ್ರಮ್.
ತಪ್ಪು ಜಾಗದಲ್ಲಿ ನಿಲ್ಲಿಸಿದ್ದ ಬೈಕನ್ನು ಎಳೆದುಕೊಂಡು ಹೋದರು, ದಂಡ ಕಟ್ಟಿ ಬಿಡಿಸಿಕೊಂಡೆ: ಇಂಪೌಂಡ್.
ಉದ್ದೀಪನ ಮದ್ದು ಸೇವಿಸಿದ ಓಟಗಾರನ ಪದಕ ಕಿತ್ತುಕೊಂಡರು: ಸ್ಟ್ರಿಪ್, ಓಟಗಾರ ಮೊದಲು, ಪದಕದ ಹಿಂದೆ ಆಫ್.
ಚಾಕು ಹಿಡಿದಿದ್ದವನ ಜೊತೆ ಗುದ್ದಾಡಿ ಚಾಕು ಕಿತ್ತುಕೊಂಡಳು: ರೆಸ್ಟ್, ಫ್ರಮ್.
ನಾನು ಎದ್ದು ನೀರು ತರುವಷ್ಟರಲ್ಲಿ ಬೆಕ್ಕು ನನ್ನ ಕುರ್ಚಿ ಹಿಡಿದಿತ್ತು: ಕಮಾಂಡಿಯರ್. ಅಧಿಕಾರ ಇತ್ತಾ ಎಂದು ಬೆಕ್ಕನ್ನು ಕೇಳಲು ಹೋಗಬೇಡಿ.